ಡರ್ಬನ್‌ನ ಮಾತು, ಕಂಬಾಲಪಲ್ಲಿಯ ಮೌನ: ವಿಮೋಚನೆಯ ಹೋರಾಟದಲ್ಲಿ ನುಡಿ ಮತ್ತು ನಡೆ

ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಗೌನಿಪಲ್ಲಿ ಆಂಧ್ರದ ಗಡಿಗೆ ಸಮೀಪದ ಊರು. ಊರಿನ ಹೆಸರೇ ಸೂಚಿಸುವಂತೆ ಇಲ್ಲಿ ಕನ್ನಡ ಮತ್ತು ತೆಲುಗು ಒಂದೇ ಮನೆಯ ಎರಡು ಮಾತುಗಳು. ಸುತ್ತಲೂ ಮಾವಿನ ತೋಪುಗಳು, ಮಳೆಯನ್ನೇ ನಂಬಿದ ಹೊಲಗಳು, ಬತ್ತಿದ ಕೊಳವೆಬಾವಿಗಳು. 2011ರ ಜನಗಣತಿಯಂತೆ ಕೋಲಾರ ಜಿಲ್ಲೆಯ ಜನಸಂಖ್ಯೆಯಲ್ಲಿ ಪರಿಶಿಷ್ಟ ಜಾತಿಯವರ ಪ್ರಮಾಣ ಶೇಕಡಾ 30ಕ್ಕೂ ಹೆಚ್ಚು. ರಾಜ್ಯದ ಯಾವ ಜಿಲ್ಲೆಯಲ್ಲಿಯೂ ಈ ಪ್ರಮಾಣ ಇಷ್ಟಿಲ್ಲ.

ಜಿನೀವಾದಲ್ಲಿ ಅಂಗೀಕಾರವಾಗುವ ಒಂದು ನಿರ್ಣಯಕ್ಕೂ, ದಕ್ಷಿಣ ಆಫ್ರಿಕದ ಡರ್ಬನ್‌ನಲ್ಲಿ ಮೊಳಗುವ ಒಂದು ಘೋಷಣೆಗೂ, ಈ ಸೀಮೆಯ ಹಳ್ಳಿಯೊಂದರ ಕೇರಿಗೂ ಏನು ಸಂಬಂಧ? ದೂರದ ದೇಶಗಳ ಜನ ನಮ್ಮ ನೋವಿಗೆ ದನಿಗೂಡಿಸಿದರೆ ಇಲ್ಲಿ ಏನಾದರೂ ಬದಲಾಗುತ್ತದೆಯೇ? ಅಥವಾ ಅದು ಸಭಾಭವನದ ಕರತಾಡನದಲ್ಲಿಯೇ ಮುಗಿದುಹೋಗುವ ಮಾತೇ? ಈ ಪ್ರಶ್ನೆಗಳಿಗೆ ಉತ್ತರ ಹುಡುಕಲು ಪರದೇಶಕ್ಕೆ ಹೋಗಬೇಕಾಗಿಲ್ಲ. ಅವಿಭಜಿತ ಕೋಲಾರ ಜಿಲ್ಲೆಯ ಕಳೆದ ಅರ್ಧ ಶತಮಾನದ ಇತಿಹಾಸವೇ ಸಾಕು.

ಒಂದು ಪತ್ರದಿಂದ ಆರಂಭ

ಶೋಷಿತ ಜನಸಮುದಾಯಗಳು ಗಡಿಗಳನ್ನು ದಾಟಿ ಪರಸ್ಪರರನ್ನು ಗುರುತಿಸಿಕೊಳ್ಳುವ ಕ್ರಮ ಹೊಸತಲ್ಲ. 1913ರಿಂದ 1916ರವರೆಗೆ ನ್ಯೂಯಾರ್ಕ್‌ನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಅಧ್ಯಯನ ಮಾಡಿದ್ದ ಡಾ. ಬಿ.ಆರ್. ಅಂಬೇಡ್ಕರ್ ಅವರು 1946ರಲ್ಲಿ ಅಮೆರಿಕದ ಕರಿಯ ಜನರ ಹಿರಿಯ ಚಿಂತಕ ಡಬ್ಲ್ಯು.ಇ.ಬಿ. ಡುಬಾಯ್ಸ್ ಅವರಿಗೆ ಪತ್ರವೊಂದನ್ನು ಬರೆದರು. ಅಮೆರಿಕದ ಕರಿಯರು ವಿಶ್ವಸಂಸ್ಥೆಗೆ ಮನವಿ ಸಲ್ಲಿಸಿದ್ದಾರೆಂದು ತಿಳಿದ ಅಂಬೇಡ್ಕರ್, ಅದರ ಪ್ರತಿಗಳನ್ನು ಕಳುಹಿಸಿಕೊಡುವಂತೆ ಕೋರಿದ್ದರು. ಅಸ್ಪೃಶ್ಯರ ಸ್ಥಿತಿಗೂ ಕರಿಯರ ಸ್ಥಿತಿಗೂ ಇರುವ ಸಾಮ್ಯವನ್ನು ತಾವು ಗಮನಿಸುತ್ತ ಬಂದಿರುವುದಾಗಿಯೂ ತಿಳಿಸಿದ್ದರು. ಅದೇ ವರ್ಷದ ಜುಲೈ ಕೊನೆಯಲ್ಲಿ ಡುಬಾಯ್ಸ್ ಸಹಾನುಭೂತಿಯಿಂದ ಉತ್ತರಿಸಿದರು.

ಈ ಪತ್ರದಲ್ಲಿ ಗಮನಿಸಬೇಕಾದ ಒಂದು ಅಂಶವಿದೆ. ಅಂಬೇಡ್ಕರ್ ಬರೀ ಸಹಾನುಭೂತಿಯನ್ನು ಬೇಡಲಿಲ್ಲ. ಒಂದು ದಾಖಲೆಯನ್ನು ಕೇಳಿದರು. ಒಬ್ಬರ ಹೋರಾಟದ ವಿಧಾನ ಮತ್ತೊಬ್ಬರ ಕೈಗೆ ಉಪಕರಣವಾಗಿ ಬರಬೇಕೆಂಬುದು ಅವರ ಉದ್ದೇಶವಾಗಿತ್ತು. ಮಾತು ಕೃತಿಯ ಕಡೆಗೆ ಹೊರಳುವುದು ಇಂಥ ಕಡೆಯಲ್ಲಿಯೇ.

ಅದೇ 1946ರಲ್ಲಿ ಇನ್ನೂ ಸ್ವತಂತ್ರವಾಗದ ಭಾರತವು ದಕ್ಷಿಣ ಆಫ್ರಿಕದಲ್ಲಿ ಭಾರತೀಯರಿಗೆ ಆಗುತ್ತಿದ್ದ ಅನ್ಯಾಯವನ್ನು ವಿಶ್ವಸಂಸ್ಥೆಯ ಮುಂದಿಟ್ಟಿತು. ಅಷ್ಟಕ್ಕೇ ನಿಲ್ಲದೆ ಆ ದೇಶದೊಡನೆ ವ್ಯಾಪಾರವನ್ನೂ ಕಡಿದುಕೊಂಡಿತು. ಆಗ ಭಾರತದ ರಫ್ತಿನಲ್ಲಿ ಸುಮಾರು ಶೇಕಡಾ 5ರಷ್ಟು ದಕ್ಷಿಣ ಆಫ್ರಿಕಕ್ಕೆ ಹೋಗುತ್ತಿತ್ತು. ಬಡ ದೇಶವೊಂದಕ್ಕೆ ಅದು ಸಣ್ಣ ನಷ್ಟವಲ್ಲ. 1974ರಲ್ಲಿ ಡೇವಿಸ್ ಕಪ್ ಟೆನಿಸ್‌ನ ಅಂತಿಮ ಪಂದ್ಯಕ್ಕೆ ಬಂದಿದ್ದ ಭಾರತ ತಂಡವು ಎದುರಾಳಿ ದಕ್ಷಿಣ ಆಫ್ರಿಕ ಎಂಬ ಕಾರಣಕ್ಕೆ ಆಡಲು ನಿರಾಕರಿಸಿ ಕಪ್ಪನ್ನೇ ಬಿಟ್ಟುಕೊಟ್ಟಿತು. ಬೆಂಬಲದ ಮಾತಿಗೆ ತೂಕ ಬರುವುದು ಅದನ್ನು ಆಡಿದವರು ಏನನ್ನಾದರೂ ಕಳೆದುಕೊಳ್ಳಲು ಸಿದ್ಧರಿದ್ದಾಗ ಎಂಬುದಕ್ಕೆ ಇವು ನಿದರ್ಶನಗಳು.

ಒಂದು ಪದದ ಪಯಣ

1966ರಲ್ಲಿ ಅಮೆರಿಕದ ಓಕ್ಲೆಂಡ್ ನಗರದಲ್ಲಿ ಬ್ಲ್ಯಾಕ್ ಪ್ಯಾಂಥರ್ ಪಕ್ಷ ಹುಟ್ಟಿತು. ಆರು ವರ್ಷಗಳ ಬಳಿಕ, 1972ರಲ್ಲಿ, ಮುಂಬಯಿಯ ತರುಣ ಬರಹಗಾರರು ಆ ಹೆಸರನ್ನು ತಮ್ಮದಾಗಿಸಿಕೊಂಡು ದಲಿತ ಪ್ಯಾಂಥರ್ಸ್ ಸಂಘಟನೆಯನ್ನು ಕಟ್ಟಿದರು. ಹೆಸರು ಹೊರಗಿನಿಂದ ಬಂದಿತ್ತಾದರೂ ಎತ್ತಿಕೊಂಡ ಪ್ರಶ್ನೆಗಳು ಇಲ್ಲಿನವೇ ಆಗಿದ್ದವು: ಭೂಮಿ, ಕುಡಿಯುವ ನೀರು, ಹೆಣ್ಣುಮಕ್ಕಳ ಮಾನ.

ಕರ್ನಾಟಕದಲ್ಲಿ ಈ ಎಚ್ಚರಕ್ಕೆ ಕಿಡಿ ಹೊತ್ತಿದ್ದು ಒಂದು ಮಾತಿನಿಂದಲೇ. 1973ರ ನವೆಂಬರ್‌ನಲ್ಲಿ ಮೈಸೂರಿನ ಸಭೆಯೊಂದರಲ್ಲಿ ದೇವರಾಜ ಅರಸು ಸಂಪುಟದ ಸಚಿವ ಬಿ. ಬಸವಲಿಂಗಪ್ಪ ಅವರು ಕನ್ನಡ ಸಾಹಿತ್ಯದ ಬಹುಪಾಲನ್ನು ಬೂಸಾ ಎಂದು ಕರೆದರು. ರಾಜ್ಯದಾದ್ಯಂತ ಗಲಭೆ ಎದ್ದಿತು. ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು. ಬಸವಲಿಂಗಪ್ಪ ಸಚಿವ ಸ್ಥಾನ ತ್ಯಜಿಸಬೇಕಾಯಿತು. ಆದರೆ ಆ ಏಟು ತಿಂದ ತಲೆಮಾರೇ ಮುಂದೆ ಬಿ. ಕೃಷ್ಣಪ್ಪ, ದೇವನೂರ ಮಹಾದೇವ, ಸಿದ್ಧಲಿಂಗಯ್ಯ ಮೊದಲಾದವರ ಜೊತೆಯಲ್ಲಿ ದಲಿತ ಸಂಘರ್ಷ ಸಮಿತಿಯನ್ನು ಕಟ್ಟಿತು.

ಕೋಲಾರ ಈ ಚಳವಳಿಯ ಗಟ್ಟಿ ನೆಲೆಗಳಲ್ಲಿ ಒಂದಾಯಿತು. ಕೋಟಿಗಾನಹಳ್ಳಿ ರಾಮಯ್ಯ, ಪಿಚ್ಚಳ್ಳಿ ಶ್ರೀನಿವಾಸ್, ಗೊಲ್ಲಹಳ್ಳಿ ಶಿವಪ್ರಸಾದ್ ಮುಂತಾದವರ ಮೂಲಕ ಇಲ್ಲಿ ಹೋರಾಟವು ಹಾಡಿನ ರೂಪ ತಾಳಿತು. ಓದು ಬರಹ ಬಾರದ ಜನರ ನಡುವೆ ಕರಪತ್ರಕ್ಕಿಂತ ತಮಟೆ ಬೇಗ ತಲುಪುತ್ತದೆ ಎಂಬ ಅರಿವು ಅದರ ಹಿಂದಿತ್ತು. ಆ ಪರಂಪರೆಯ ಮುಂದುವರಿಕೆಯಾಗಿ ಕೋಲಾರದ ಬಳಿಯ ತೇರಹಳ್ಳಿ ಬೆಟ್ಟದ ಮೇಲೆ ಆದಿಮ ಎಂಬ ಸಾಂಸ್ಕೃತಿಕ ಕೇಂದ್ರ ರೂಪುಗೊಂಡಿತು.

ಇಲ್ಲಿ ಮಾತು ಮಾಡಿದ ಮೊದಲ ಕೆಲಸ ಹೆಸರಿಡುವುದು. ಹಣೆಬರಹ ಎಂದುಕೊಂಡಿದ್ದನ್ನು ಅನ್ಯಾಯ ಎಂದು ಕರೆಯಲು ಕಲಿತವನು ಅದನ್ನು ಪ್ರಶ್ನಿಸಲೂ ಕಲಿಯುತ್ತಾನೆ. ಆದರೆ ಹೆಸರಿಟ್ಟ ಮಾತ್ರಕ್ಕೆ ಅನ್ಯಾಯ ಅಳಿಯುವುದಿಲ್ಲ. ಅದಕ್ಕೆ ಚಿನ್ನದ ಗಣಿಯ ಊರೇ ಸಾಕ್ಷಿ.

ಚಿನ್ನದ ಊರಿನ ಇನ್ನೊಂದು ಮುಖ

ಬಸವಲಿಂಗಪ್ಪ ಅವರು 1970ರ ದಶಕದ ಆರಂಭದಲ್ಲಿ ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ರಾಜ್ಯದಲ್ಲಿ ನಿಷೇಧಿಸಿದ್ದರು. ದೇಶಕ್ಕೇ ಮಾದರಿಯಾದ ಆದೇಶವದು. ಆದರೂ 1902ರಷ್ಟು ಹಿಂದೆಯೇ ಶಿವನಸಮುದ್ರದಿಂದ ವಿದ್ಯುತ್ ಪಡೆದ, ಆಧುನಿಕತೆಗೆ ಹೆಸರಾದ ಕೋಲಾರ ಚಿನ್ನದ ಗಣಿ ಪಟ್ಟಣದಲ್ಲಿ, ಆದೇಶ ಬಂದ ಎರಡು ದಶಕಗಳ ಬಳಿಕವೂ ಒಣ ಶೌಚಾಲಯಗಳು ಉಳಿದಿದ್ದವು. ಅವುಗಳನ್ನು ಕೈಯಿಂದ ಬಳಿಯುವ ಜನರೂ ಉಳಿದಿದ್ದರು.

1966ರಲ್ಲಿ ಅಂಥದೊಂದು ಕುಟುಂಬದಲ್ಲಿ ಕೆ.ಜಿ.ಎಫ್.ನಲ್ಲಿ ಹುಟ್ಟಿದವರು ಬೆಜವಾಡ ವಿಲ್ಸನ್. ಅವರ ಹೋರಾಟ ಭಾಷಣದಿಂದಲ್ಲ, ಅರ್ಜಿಯಿಂದ ಆರಂಭವಾಯಿತು. ಗಣಿಯ ಆಡಳಿತಕ್ಕೆ ಬರೆದರು, ಪ್ರಧಾನಿಗೆ ಬರೆದರು, ಛಾಯಾಚಿತ್ರಗಳನ್ನು ಪತ್ರಿಕೆಗಳಿಗೆ ತಲುಪಿಸಿದರು. ಇಲ್ಲ ಎಂದು ಹೇಳಲಾಗುತ್ತಿದ್ದ ಸಂಗತಿಯನ್ನು ಇದೆ ಎಂದು ಸಾಬೀತುಪಡಿಸುವುದೇ ಮೊದಲ ಹೆಜ್ಜೆಯಾಗಿತ್ತು. 1990ರ ದಶಕದ ನಡುವಿನ ವೇಳೆಗೆ ಗಣಿ ಪಟ್ಟಣದ ಒಣ ಶೌಚಾಲಯಗಳು ಪರಿವರ್ತನೆಯಾದವು. ಆ ಕೆಲಸ ಮಾಡುತ್ತಿದ್ದವರನ್ನು ಬೇರೆ ಕೆಲಸಗಳಿಗೆ ನಿಯೋಜಿಸಲಾಯಿತು.

ರಾಷ್ಟ್ರಮಟ್ಟದಲ್ಲಿಯೂ ಇದೇ ಕಥೆ ಪುನರಾವರ್ತನೆಯಾಯಿತು. ಮಲ ಹೊರುವ ಕೆಲಸಕ್ಕೆ ಜನರನ್ನು ನೇಮಿಸಿಕೊಳ್ಳುವುದನ್ನು ನಿಷೇಧಿಸುವ ಕಾಯ್ದೆಯನ್ನು ಸಂಸತ್ತು 1993ರಲ್ಲಿ ಅಂಗೀಕರಿಸಿತು. ಅದು ಜಾರಿಗೆ ಬಂದದ್ದು 1997ರಲ್ಲಿ. ವಿಲ್ಸನ್ ಮತ್ತು ಸಂಗಾತಿಗಳು ಕಟ್ಟಿದ ಸಫಾಯಿ ಕರ್ಮಚಾರಿ ಆಂದೋಲನವು 2003ರಲ್ಲಿ ಸುಪ್ರೀಂ ಕೋರ್ಟ್‌ನ ಬಾಗಿಲು ತಟ್ಟಿತು. ನಮ್ಮಲ್ಲಿ ಈ ಪದ್ಧತಿಯೇ ಇಲ್ಲವೆಂದು ಸರ್ಕಾರಗಳು ಪ್ರಮಾಣಪತ್ರ ಸಲ್ಲಿಸಿದಾಗಲೆಲ್ಲ ಆಂದೋಲನದ ಕಾರ್ಯಕರ್ತರು ಚಿತ್ರಸಹಿತ ಸಾಕ್ಷ್ಯವನ್ನು ಮುಂದಿಟ್ಟರು. 2013ರಲ್ಲಿ ಹೊಸ ಕಾಯ್ದೆ ಬಂದಿತು. 2014ರ ಮಾರ್ಚ್ 27ರಂದು ಸುಪ್ರೀಂ ಕೋರ್ಟ್ ತೀರ್ಪು ನೀಡಿ, 1993ರಿಂದೀಚೆಗೆ ಒಳಚರಂಡಿಗಳಲ್ಲಿ ಸತ್ತವರ ಕುಟುಂಬಗಳಿಗೆ ತಲಾ 10 ಲಕ್ಷ ರೂಪಾಯಿ ಪರಿಹಾರ ನೀಡಬೇಕೆಂದಿತು. 2023ರಲ್ಲಿ ನ್ಯಾಯಾಲಯವು ಇಂಥ ಸಾವುಗಳಿಗೆ ನೀಡಬೇಕಾದ ಪರಿಹಾರವನ್ನು 30 ಲಕ್ಷಕ್ಕೆ ಏರಿಸಿತು.

ವಿಲ್ಸನ್ ಅವರಿಗೆ 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದಾಗ ಜಗತ್ತು ಕೆ.ಜಿ.ಎಫ್. ಎಂಬ ಹೆಸರನ್ನು ಚಿನ್ನವಲ್ಲದ ಕಾರಣಕ್ಕೂ ಕೇಳಿತು. ಹೊರಗಿನ ಮನ್ನಣೆ ಹೋರಾಟಕ್ಕೆ ಬಲ ತಂದದ್ದು ನಿಜ. ಆದರೆ ಮನ್ನಣೆ ಬಂದದ್ದು ಕೆಲಸ ನಡೆದ ಮೇಲೆ. ಮನ್ನಣೆಯಿಂದ ಕೆಲಸ ಹುಟ್ಟಲಿಲ್ಲ ಎಂಬುದನ್ನು ಮರೆಯಬಾರದು.

ಡರ್ಬನ್‌ನಲ್ಲಿ ಬಿಟ್ಟುಹೋದ ಸಾಲು

2000ದ ಮಾರ್ಚ್ 11ರಂದು, ಆಗ ಕೋಲಾರ ಜಿಲ್ಲೆಗೇ ಸೇರಿದ್ದ, ಶ್ರೀನಿವಾಸಪುರದ ನೆರೆಯ ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ದಲಿತರ ಮನೆಗೆ ಬೆಂಕಿ ಹಚ್ಚಲಾಯಿತು. ಏಳು ಮಂದಿ ದಲಿತರು ಜೀವಂತ ದಹನವಾದರು. ನಾಡು ತತ್ತರಿಸಿತು. ಮುಖಂಡರ ಭೇಟಿ, ಪರಿಹಾರದ ಘೋಷಣೆ, ಜಾಥಾ, ಖಂಡನೆ ಎಲ್ಲವೂ ನಡೆದವು. ಕಾಕತಾಳೀಯವೋ ಎಂಬಂತೆ ಅದೇ ತಿಂಗಳು ದಲಿತರ ಪರವಾದ ಅಂತಾರಾಷ್ಟ್ರೀಯ ಬೆಂಬಲ ಜಾಲವೊಂದು ಸ್ಥಾಪನೆಯಾಯಿತು.

ಮರುವರ್ಷ, 2001ರ ಆಗಸ್ಟ್ 31ರಿಂದ ಸೆಪ್ಟೆಂಬರ್ 8ರವರೆಗೆ, ವರ್ಣಭೇದ ವಿರೋಧಿ ವಿಶ್ವ ಸಮ್ಮೇಳನ ಡರ್ಬನ್‌ನಲ್ಲಿ ನಡೆಯಿತು. ಭಾರತದ ದಲಿತ ಕಾರ್ಯಕರ್ತರ ದೊಡ್ಡ ತಂಡವೇ ಅಲ್ಲಿಗೆ ಹೋಗಿತ್ತು. ಬೆಂಗಳೂರಿನ ಕೊಳೆಗೇರಿಗಳಲ್ಲಿ ದುಡಿದು, 1995ರಲ್ಲಿ ದಲಿತ ಮಹಿಳೆಯರ ರಾಷ್ಟ್ರೀಯ ಒಕ್ಕೂಟವನ್ನು ಕಟ್ಟಿದ್ದ ರುತ್ ಮನೋರಮಾ ಅವರಲ್ಲೊಬ್ಬರು. ಜಾತಿಯೂ ಜನಾಂಗಭೇದದಂತೆಯೇ ಹುಟ್ಟಿನಿಂದ ಮನುಷ್ಯನನ್ನು ಕೀಳುಗಳೆಯುವ ವ್ಯವಸ್ಥೆಯೆಂದು ಜಗತ್ತು ಒಪ್ಪಿಕೊಳ್ಳಬೇಕೆಂಬುದು ಅವರೆಲ್ಲರ ಬೇಡಿಕೆ.

ಕಾರ್ಯಯೋಜನೆಯ ಕರಡಿನಲ್ಲಿ, ಕಸುಬು ಮತ್ತು ವಂಶದ ಆಧಾರದ ತಾರತಮ್ಯವನ್ನು ಕುರಿತ 73ನೆಯ ಪರಿಚ್ಛೇದವೊಂದಿತ್ತು. ಜಾತಿ ಎಂಬ ಪದ ಅದರಲ್ಲಿರಲಿಲ್ಲ. ಆದರೂ ಅದು ಯಾರನ್ನು ಕುರಿತದ್ದೆಂದು ಎಲ್ಲರಿಗೂ ತಿಳಿದಿತ್ತು. ಜಾತಿಯು ಜನಾಂಗವಲ್ಲ, ಅದು ಆಂತರಿಕ ವಿಷಯ, ಅದನ್ನು ಎದುರಿಸಲು ನಮ್ಮ ಸಂವಿಧಾನವಿದೆ ಎಂಬುದು ಭಾರತ ಸರ್ಕಾರದ ನಿಲುವಾಗಿತ್ತು. ಅಂತಿಮ ದಾಖಲೆಯಲ್ಲಿ ಆ ಪರಿಚ್ಛೇದ ಕಾಣಿಸಿಕೊಳ್ಳಲಿಲ್ಲ.

ಇಲ್ಲಿ ಒಂದು ಐತಿಹಾಸಿಕ ವಿಪರ್ಯಾಸವಿದೆ. 1965ರಲ್ಲಿ ವಿಶ್ವಸಂಸ್ಥೆಯು ಜನಾಂಗ ತಾರತಮ್ಯದ ವಿರುದ್ಧ ಒಡಂಬಡಿಕೆಯನ್ನು ರೂಪಿಸಿದಾಗ ಅದರ ಮೊದಲ ವಿಧಿಯಲ್ಲಿ ‘ವಂಶ’ ಎಂಬರ್ಥದ ಪದವನ್ನು ಸೇರಿಸುವಂತೆ ಸೂಚಿಸಿದ್ದು ಭಾರತವೇ. ಮುಂದೆ ಆ ಪದ ಜಾತಿಗೂ ಅನ್ವಯಿಸುತ್ತದೆ ಎಂಬ ವಾದ ಬಂದಾಗ ಅದನ್ನು ಒಪ್ಪದೇ ಹೋದದ್ದೂ ಭಾರತವೇ. 2002ರಲ್ಲಿ ಆ ಒಡಂಬಡಿಕೆಯ ಮೇಲ್ವಿಚಾರಣಾ ಸಮಿತಿಯು, ವಂಶದ ಆಧಾರದ ತಾರತಮ್ಯದಲ್ಲಿ ಜಾತಿಯೂ ಸೇರುತ್ತದೆ ಎಂದು ತನ್ನ 29ನೆಯ ಸಾಮಾನ್ಯ ಶಿಫಾರಸಿನಲ್ಲಿ ಸ್ಪಷ್ಟಪಡಿಸಿತು. ಒಮ್ಮೆ ದಾಖಲೆಗೆ ಸೇರಿದ ಪದ ಅದನ್ನು ಸೇರಿಸಿದವರ ಕೈತಪ್ಪಿ ತನ್ನದೇ ಬದುಕನ್ನು ಬಾಳುತ್ತದೆ. ಪದಗಳ ಬಗ್ಗೆ ಸರ್ಕಾರಗಳು ಇಷ್ಟೊಂದು ಎಚ್ಚರ ವಹಿಸುವುದೇಕೆ ಎಂಬ ಪ್ರಶ್ನೆಗೆ ಉತ್ತರವೂ ಇದರಲ್ಲಿಯೇ ಇದೆ.

ಡರ್ಬನ್ ಸೋಲೇ, ಗೆಲುವೇ? ದಾಖಲೆಯ ಮಟ್ಟದಲ್ಲಿ ಸೋಲು. ಆದರೆ ಜಾತಿಯ ಪ್ರಶ್ನೆ ಅಂತಾರಾಷ್ಟ್ರೀಯ ವೇದಿಕೆಯನ್ನೇರಿ ಮತ್ತೆ ಇಳಿಯಲಿಲ್ಲ. 2006ರಲ್ಲಿ ರುತ್ ಮನೋರಮಾ ಅವರಿಗೆ ಪರ್ಯಾಯ ನೊಬೆಲ್ ಎಂದೇ ಹೆಸರಾದ ರೈಟ್ ಲೈವ್‌ಲಿಹುಡ್ ಪ್ರಶಸ್ತಿ ದೊರೆಯಿತು. ಬ್ರಿಟನ್ 2013ರಲ್ಲಿ ತನ್ನ ಸಮಾನತಾ ಕಾಯ್ದೆಗೆ ಜಾತಿಯನ್ನು ಸೇರಿಸಲೇಬೇಕೆಂದು ಶಾಸನ ಮಾಡಿತು. 2018ರಲ್ಲಿ ಅಲ್ಲಿನ ಸರ್ಕಾರ ಹಿಂದೆ ಸರಿಯಿತು. 2023ರ ಫೆಬ್ರುವರಿಯಲ್ಲಿ ಅಮೆರಿಕದ ಸಿಯಾಟಲ್ ನಗರ ಪರಿಷತ್ತು ಜಾತಿ ತಾರತಮ್ಯವನ್ನು ನಿಷೇಧಿಸಿತು. ಅದೇ ವರ್ಷ ಕ್ಯಾಲಿಫೋರ್ನಿಯಾದ ಶಾಸನಸಭೆ ಒಪ್ಪಿದ ಇಂಥದೇ ಮಸೂದೆಗೆ ರಾಜ್ಯಪಾಲರು ಸಹಿ ಹಾಕಲಿಲ್ಲ. ಬೆಂಗಳೂರಿನ ಎಷ್ಟೋ ಮನೆಗಳ ಮಕ್ಕಳು ದುಡಿಯುತ್ತಿರುವ ನಗರಗಳವು. ಕೇರಿಯ ಪ್ರಶ್ನೆ ಅವರ ಕಚೇರಿಯನ್ನೂ ತಲುಪಿದೆ.

ಕಟಕಟೆಯಲ್ಲಿ ನಿಂತ ಮಾತು

ಇಷ್ಟೆಲ್ಲ ಆಗುತ್ತಿದ್ದಾಗ ಕಂಬಾಲಪಲ್ಲಿಯ ಪ್ರಕರಣ ಏನಾಯಿತು? 2006ರಲ್ಲಿ, ರುತ್ ಮನೋರಮಾ ಅವರಿಗೆ ಅಂತಾರಾಷ್ಟ್ರೀಯ ಪ್ರಶಸ್ತಿ ಬಂದ ವರ್ಷದಲ್ಲಿಯೇ, ವಿಚಾರಣಾ ನ್ಯಾಯಾಲಯವು ಆರೋಪಿಗಳೆಲ್ಲರನ್ನೂ ಖುಲಾಸೆ ಮಾಡಿತು. ಸಾಕ್ಷಿಗಳು ಪ್ರತಿಕೂಲವಾಗಿ ತಿರುಗಿದ್ದರು. 2014ರಲ್ಲಿ ಹೈಕೋರ್ಟ್ ಆ ತೀರ್ಪನ್ನು ಎತ್ತಿಹಿಡಿಯಿತು. ಏಳು ಜನ ಸುಟ್ಟುಹೋದರು. ಆದರೆ ಕಾನೂನಿನ ಕಣ್ಣಿನಲ್ಲಿ ಅವರನ್ನು ಯಾರೂ ಸುಡಲಿಲ್ಲ.

ಬೆಂಬಲದ ಮಾತುಗಳೆಲ್ಲ ತಲೆಬಾಗಬೇಕಾದ ಸ್ಥಳವಿದು. ಡರ್ಬನ್‌ನಲ್ಲಿ ಮಾತನಾಡುವುದಕ್ಕಿಂತ ಚಿಂತಾಮಣಿ ಸೀಮೆಯ ಹಳ್ಳಿಯಿಂದ ಬಂದು ನ್ಯಾಯಾಲಯದ ಕಟಕಟೆಯಲ್ಲಿ ಒಂದು ಹೆಸರನ್ನು ಉಚ್ಚರಿಸುವುದು ಕಷ್ಟ. ಸಾಕ್ಷಿ ಹೇಳಿದವನು ಸಂಜೆ ಅದೇ ಊರಿಗೆ ಮರಳಬೇಕು. ಅದೇ ಊರಿನಲ್ಲಿ ಕೂಲಿ ಹುಡುಕಬೇಕು, ಅದೇ ಅಂಗಡಿಯಲ್ಲಿ ಸಾಲ ಪಡೆಯಬೇಕು. ವರ್ಷಗಳು ಉರುಳಿದಂತೆ ಸುದ್ದಿಗಾರರು ಬರುವುದಿಲ್ಲ, ಜಾಥಾಗಳು ಬರುವುದಿಲ್ಲ. ಉಳಿಯುವವರು ಅವನು ಮತ್ತು ಅವನ ನೆರೆಯವರು ಮಾತ್ರ. ಮಾತು ಬೆಳ್ಳಿ, ಮೌನ ಬಂಗಾರ ಎಂಬ ಗಾದೆ ನ್ಯಾಯಾಲಯದಲ್ಲಿ ಸಲ್ಲುವುದಿಲ್ಲ. ಅಲ್ಲಿ ಮೌನ ಬಲಶಾಲಿಗೆ ಮಾತ್ರ ಬಂಗಾರ.

ಸಾಕ್ಷಿಯೊಬ್ಬನಿಗೆ ಬೇಕಾದ ನೆರವಿನ ಪಟ್ಟಿ ದೊಡ್ಡದಲ್ಲ. ವಿಚಾರಣೆಯ ದಿನಾಂಕ ಮೊದಲೇ ತಿಳಿಯಬೇಕು. ನ್ಯಾಯಾಲಯಕ್ಕೆ ಹೋಗಿಬರುವ ಖರ್ಚು ಮತ್ತು ಆ ದಿನದ ಕೂಲಿ ಸಿಗಬೇಕು. ಅಗತ್ಯವಿದ್ದರೆ ರಕ್ಷಣೆ, ಬೇರೆ ಊರಿನಲ್ಲಿ ನೆಲೆ ದೊರೆಯಬೇಕು. ಎಲ್ಲಕ್ಕಿಂತ ಮಿಗಿಲಾಗಿ ಪ್ರಕರಣ ಬೇಗ ಮುಗಿಯಬೇಕು. 1989ರ ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ತಂದ ತಿದ್ದುಪಡಿಯು ಸಂತ್ರಸ್ತರ ಮತ್ತು ಸಾಕ್ಷಿಗಳ ಹಕ್ಕುಗಳ ಕುರಿತು ಪ್ರತ್ಯೇಕ ಅಧ್ಯಾಯವನ್ನೇ ಸೇರಿಸಿತು. 2016ರ ಜನವರಿ 26ರಂದು ಅದು ಜಾರಿಗೆ ಬಂದಿತು. ಕಂಬಾಲಪಲ್ಲಿಯ ಪಾಲಿಗೆ ಅದು ತಡವಾಗಿ ಬಂದ ನ್ಯಾಯ. ಆದರೂ ನಾಗರಿಕ ಸಂಘಟನೆಗಳು ವರ್ಷಗಟ್ಟಲೆ ಒತ್ತಾಯಿಸುತ್ತ ಬಂದ ಮಾತು ಶಾಸನದ ವಿಧಿಯಾಯಿತು ಎಂಬುದು ಗಮನಾರ್ಹ. ಇನ್ನು ಆ ವಿಧಿ ತಾಲ್ಲೂಕು ಠಾಣೆಯವರೆಗೆ ಇಳಿದು ಬರಬೇಕಾದದ್ದೇ ಕೃತಿಯ ಪಾಲು.

ಉಳ್ಳೇರಹಳ್ಳಿಯ ಪಾಠ

2022ರ ಸೆಪ್ಟೆಂಬರ್‌ನಲ್ಲಿ ಮಾಲೂರು ತಾಲ್ಲೂಕಿನ ಉಳ್ಳೇರಹಳ್ಳಿಯ ಉತ್ಸವದಲ್ಲಿ ದಲಿತ ಬಾಲಕನೊಬ್ಬ ದೇವರ ಗುಜ್ಜುಕೋಲನ್ನು ಮುಟ್ಟಿದನೆಂಬ ಕಾರಣಕ್ಕೆ ಆತನ ಕುಟುಂಬಕ್ಕೆ 60,000 ರೂಪಾಯಿ ದಂಡ ವಿಧಿಸಲಾಯಿತು. ಕೂಲಿಯಿಂದ ಬದುಕುವ ಮನೆಗೆ ಅದು ತಿಂಗಳುಗಳ ದುಡಿಮೆ. ಅಂಬೇಡ್ಕರ್ ಹೆಸರಿನ ಸ್ಥಳೀಯ ಸಂಘಟನೆಯ ಕಾರ್ಯಕರ್ತರು ಆ ಮನೆಗೆ ಹೋಗಿ ಜೊತೆಗೆ ನಿಂತ ಮೇಲೆ ಮಾಸ್ತಿ ಠಾಣೆಯಲ್ಲಿ ದೂರು ದಾಖಲಾಯಿತು. ಸುದ್ದಿ ದೇಶವನ್ನು ದಾಟಿತು. ಆ ಮನೆಯವರು ಗೋಡೆಯ ಮೇಲಿದ್ದ ದೇವರ ಪಟಗಳನ್ನು ಇಳಿಸಿ ಅಂಬೇಡ್ಕರ್ ಅವರ ಭಾವಚಿತ್ರವನ್ನು ತೂಗುಹಾಕಿದರು.

ಇಲ್ಲಿ ಘಟನೆಗಳ ಕ್ರಮವನ್ನು ನೋಡಬೇಕು. ಮೊದಲು ಬಂದದ್ದು ಹತ್ತಿರದವರು, ಆಮೇಲೆ ಠಾಣೆ, ಆಮೇಲೆ ಪತ್ರಿಕೆ, ಆಮೇಲೆ ಅಧಿಕಾರಿಗಳು ಮತ್ತು ರಾಜಕಾರಣಿಗಳು, ಕೊನೆಯಲ್ಲಿ ಜಗತ್ತು. ದೂರದ ದನಿಗಳಿಗೆ ಆಡಳಿತವನ್ನು ಎಚ್ಚರಿಸುವ ಶಕ್ತಿಯಿದೆ. ಆದರೆ ದೂರು ಬರೆಯಲು ಕಾಗದ ಹಿಡಿದು ಪಕ್ಕದಲ್ಲಿ ಕೂರುವ ಶಕ್ತಿ ಅವುಗಳಿಗಿಲ್ಲ. ಅದನ್ನು ಪಕ್ಕದ ಊರಿನವನೇ ಮಾಡಬೇಕು.

ಹಾಗಾದರೆ ಮಾತಿಗೆ ಬೆಲೆಯೇ ಇಲ್ಲವೇ?

ಇದೆ. ಮಾತು ಇಲ್ಲದಿದ್ದರೆ ಕೆ.ಜಿ.ಎಫ್.ನ ಒಣ ಶೌಚಾಲಯಗಳು ಸಂಪ್ರದಾಯದ ಹೆಸರಿನಲ್ಲಿ ಉಳಿಯುತ್ತಿದ್ದವು. ಅಂಬೇಡ್ಕರ್ ಪತ್ರ ಬರೆಯದಿದ್ದರೆ ಎರಡು ಖಂಡಗಳ ಶೋಷಿತರು ತಮ್ಮ ಹಾದಿಗಳು ಕೂಡುವ ಜಾಗವನ್ನು ಇನ್ನಷ್ಟು ತಡವಾಗಿ ಕಾಣುತ್ತಿದ್ದರು. 1965ರ ಒಂದು ಪದ ಇಲ್ಲದಿದ್ದರೆ 2002ರ ವ್ಯಾಖ್ಯಾನಕ್ಕೆ ಆಧಾರವೇ ಇರುತ್ತಿರಲಿಲ್ಲ.

ಆದರೆ ಮಾತು ಸಾರ್ಥಕವಾಗಬೇಕಾದರೆ ಅದು ಯಾರಾದರೊಬ್ಬರ ಕೈಯಲ್ಲಿ ಕೆಲಸವಾಗಿ ಮಾರ್ಪಡಬೇಕು. ಅರ್ಜಿಯಾಗಬೇಕು, ಛಾಯಾಚಿತ್ರವಾಗಬೇಕು, ಕಾಯ್ದೆಯ ವಿಧಿಯಾಗಬೇಕು, ನ್ಯಾಯಾಲಯಕ್ಕೆ ಹೋಗುವ ಬಸ್ಸಿನ ಟಿಕೇಟಾಗಬೇಕು. ದಕ್ಷಿಣ ಆಫ್ರಿಕದೊಡನೆ ವ್ಯಾಪಾರ ಕಡಿದುಕೊಂಡ ದೇಶವು ತನ್ನೊಳಗಿನ ಜಾತಿಯ ಬಗ್ಗೆ ಡರ್ಬನ್‌ನಲ್ಲಿ ಮಾತನಾಡಲು ಹಿಂಜರಿದದ್ದು, ನುಡಿ ಮತ್ತು ನಡೆಗಳ ನಡುವಿನ ಅಂತರಕ್ಕೆ ಒಂದು ದೃಷ್ಟಾಂತ. ಆ ಅಂತರ ಸರ್ಕಾರದ್ದು ಮಾತ್ರವಲ್ಲ. ದೂರದ ಅನ್ಯಾಯಕ್ಕೆ ಮರುಗಿ ಮೆರವಣಿಗೆಯಲ್ಲಿ ನಡೆಯುವ ನಾವು, ನಮ್ಮ ಬೀದಿಯ ಚರಂಡಿಗೆ ಯಾರು ಇಳಿಯುತ್ತಾರೆಂದು ಕೇಳದಿದ್ದರೆ ಅಂತರ ನಮ್ಮದೂ ಹೌದು.

ಗೌನಿಪಲ್ಲಿಯಂಥ ಊರಿನಿಂದ ನೋಡುವಾಗ ಜಾಗತಿಕ ಬೆಂಬಲವೆಂಬುದು ಆಕಾಶದ ಮೋಡದಂತೆ. ಮೋಡವಿಲ್ಲದೆ ಮಳೆಯಿಲ್ಲ ಎಂಬುದನ್ನು ಬರಗಾಲದ ಸೀಮೆಯವರು ಬಲ್ಲರು. ಆದರೆ ಬಿದ್ದ ನೀರು ಹೊಲಕ್ಕೆ ದಕ್ಕಬೇಕಾದರೆ ಬದುವನ್ನೂ ಕೆರೆಯನ್ನೂ ಊರಿನವರೇ ಕಟ್ಟಿಕೊಂಡಿರಬೇಕು ಎಂಬುದನ್ನೂ ಅವರು ಬಲ್ಲರು. ಮುಂದೊಮ್ಮೆ ಈ ಸೀಮೆಯ ಸಾಕ್ಷಿಯೊಬ್ಬ ಕಟಕಟೆ ಏರುವ ದಿನ ಬಂದರೆ, ಅವನ ಹಿಂದಿನ ಬೆಂಚಿನಲ್ಲಿ ಎಷ್ಟು ಮಂದಿ ಬಂದು ಕೂರುತ್ತಾರೆ ಎಂಬುದರಿಂದಲೇ ನಮ್ಮ ಮಾತುಗಳ ತೂಕ ಗೊತ್ತಾಗಲಿದೆ.